ರೆಕ್ಕೆ ಕುಸಿದಾಗ ಸ್ಟಿಕ್ ಎಳೆಯಬೇಡಿ

ರೆಕ್ಕೆ ಇರುವ ಡ್ರೋನ್ ಹಾರಿಸುವವರು ಇದನ್ನೊಮ್ಮೆ ಓದಿಬಿಡಿ. ಹೋದ ಆಷಾಢದಲ್ಲಿ ಬೆಂಗಳೂರಿನ ಕನಕಪುರ ರಸ್ತೆ ಆಚೆ, ಆಗಷ್ಟೇ ಉತ್ತ ಹೊಲದಲ್ಲಿ ನನ್ನ ಫೋಮ್ ಡ್ರೋನ್ ಮೂಗು ಮುರಿದುಕೊಂಡಿತು. ನಾಲ್ಕನೇ ಹಾರಾಟ ಅಷ್ಟೇ. ಎಸ್.ಪಿ. ರೋಡಿನಲ್ಲಿ ಕೊಂಡಾಗ ಅಂಗಡಿಯವರು ಹೇಳಿದ್ದು ಒಂದೇ ಮಾತು: ‘ರಿಮೋಟಿನ ಸ್ಟಿಕ್ ಎಳೆದ್ರೆ ಮೇಲೇರುತ್ತೆ ಸಾರ್, ಅಷ್ಟೇ.’ ಆ ಮಾತೇ ಮುಳುಗಿಸಿತು.

ಮೋಟಾರ್ ಕೆಟ್ಟಿರಲಿಲ್ಲ, ಬ್ಯಾಟರಿಯೂ ಇತ್ತು. ಆಗಿದ್ದು ಸ್ಟಾಲ್. ಸ್ಟಾಲ್ ಅಂದ್ರೆ ಸಿಗ್ನಲ್‌ನಲ್ಲಿ ಬೈಕ್ ಆಫ್ ಆಗುವ ಥರ ಅಂದುಕೊಂಡಿದ್ದೆ. ಅಲ್ಲ. ಎದುರು ಗಾಳಿಗೆ ರೆಕ್ಕೆ ಸುಮಾರು 15 ಡಿಗ್ರಿಗಿಂತ ಜಾಸ್ತಿ ಓರೆಯಾದರೆ, ಅದರ ಮೇಲ್ಮೈಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಬಿಟ್ಟುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಮೋಟಾರ್ ಜೋರಾಗಿ ತಿರುಗುತ್ತಿದ್ದರೂ ಸರಿ.

ಗೊತ್ತಲ್ಲ, ಆಷಾಢದ ಪಡುವಣ ಗಾಳಿ. ಅದನ್ನು ಬೆನ್ನಿಗೆ ಹಾಕಿಕೊಂಡು ಬಂದ ಡ್ರೋನ್ ಸಿಕ್ಕಾಪಟ್ಟೆ ಸ್ಪೀಡಾಗಿ ಕಂಡಿತು. ಥ್ರಾಟಲ್ ಇಳಿಸಿದೆ. ಎಡವಟ್ಟಾಗಿದ್ದೇ ಅಲ್ಲಿ. ನೆಲದ ಲೆಕ್ಕದಲ್ಲಿ ಗಂಟೆಗೆ 50 ಕಿ.ಮೀ. ಹೋಗುತ್ತಿದ್ದರೂ, ಹಿಂದಿನಿಂದ 20ರ ಗಾಳಿ ತಳ್ಳುತ್ತಿದ್ದರೆ ರೆಕ್ಕೆಗೆ ಸಿಗುವುದು 30 ಮಾತ್ರ. ಅಷ್ಟರಲ್ಲಿ ತೆಂಗಿನ ಮರ ಹತ್ತಿರ ಬಂತು ಅಂತ ಗಕ್ಕನೆ ವಾಲಿಸಿ ತಿರುಗಿಸಿದೆ. 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿದರೆ ಸ್ಟಾಲ್ ಆಗುವ ವೇಗ 1.4 ಪಟ್ಟಾಗುತ್ತದೆ. ನೆಟ್ಟಗೆ ಹೋಗುವಾಗ 25ಕ್ಕೆ ಆಗುವುದು 35ಕ್ಕೇ ಆಗುತ್ತದೆ. ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು. ಮಂಗಳೂರಿನ ಬೀಚಲ್ಲಿ ಹಾರಿಸುವವರ ವೇಗದ ಲೆಕ್ಕ ಇಲ್ಲಿಗೆ ಪೂರ್ತಿ ಒಗ್ಗಲ್ಲ.

ಎಡ ರೆಕ್ಕೆ ಫಟ್ಟನೆ ಕುಸಿಯಿತು. ಗಾಬರಿಯಲ್ಲಿ ಸ್ಟಿಕ್ ಎಳೆದು ಹಿಡಿದೆ. ಎಳೆದಷ್ಟೂ ಓರೆ ಜಾಸ್ತಿ, ಸ್ಟಾಲ್ ಬಿಡುವುದೆಲ್ಲಿ? ಗಿರಕಿ ಹೊಡೆದು ನೆಲಕ್ಕೆ ಬಿತ್ತು. ಮೋಟಾರಿನ ಸಂದಿಯಲ್ಲೆಲ್ಲ ಕೆಮ್ಮಣ್ಣು. ಬ್ಯಾಟರಿಯ ಮೂಲೆ ಜಜ್ಜಿ ಉಬ್ಬುತ್ತಿತ್ತು. ಪಕ್ಕದ ಹೊಲದ ತಾತ ಬಂದು, ‘ಏನ್ ಮಗಾ, ದಾರ ಕಿತ್ಕೊಂಡು ಹೋಯ್ತಾ?’ ಅಂದರು. ಗಾಳಿಪಟ ಅಂದುಕೊಂಡಿದ್ದರು ಪಾಪ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು ಅಂತ ಅವರನ್ನು ದೂರ ನಿಲ್ಲಿಸಿ, ಅದನ್ನು ಬರೀ ಮಣ್ಣಿನ ಮೇಲಿಟ್ಟು ಅರ್ಧ ಗಂಟೆ ಕಾದೆ.

ರೆಕ್ಕೆ ಕುಸಿದರೆ ಸ್ಟಿಕ್ ಮುಂದಕ್ಕೆ ತಳ್ಳಿ. ಮೂಗು ಇಳಿಯಲಿ, ವೇಗ ಬರಲಿ, ಆಮೇಲೆ ನಿಧಾನಕ್ಕೆ ಎತ್ತಿ. ಕುಸಿದ ರೆಕ್ಕೆಯನ್ನು ಐಲೆರಾನ್‌ನಿಂದ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಎತ್ತಲು ಹೋಗಬೇಡಿ, ಅದರ ಓರೆ ಇನ್ನೂ ಜಾಸ್ತಿಯಾಗುತ್ತದೆ. ಕುಸಿದ ರೆಕ್ಕೆಯ ಎದುರು ದಿಕ್ಕಿಗೆ ರಡ್ಡರ್ (ಬಾಲದಲ್ಲಿ ನೆಟ್ಟಗೆ ನಿಂತ, ಎಡಬಲಕ್ಕೆ ಆಡುವ ಪಟ್ಟಿ) ಕೊಡಿ. ಇದಕ್ಕೆಲ್ಲ ಎತ್ತರ ಬೇಕು. ನಾನಿದ್ದದ್ದು ತೆಂಗಿನ ಮರದ ಮಟ್ಟದಲ್ಲಿ. ಈಗ ಹೊಲಕ್ಕೆ ಹೋದರೆ ಮೊದಲು 60 ಮೀಟರ್ ಮೇಲಕ್ಕೆ ಒಯ್ದು, ಬೇಕಂತಲೇ ಎರಡು ಸಲ ಸ್ಟಾಲ್ ಮಾಡಿಸಿ ನೋಡುತ್ತೇನೆ.

ನಾಲ್ಕು ಪ್ರೊಪೆಲರಿನವರು ನಗಬೇಡಿ. ಗಾಳಿಯಿಲ್ಲದ ದಿನ ನೆಟ್ಟಗೆ ಕೆಳಕ್ಕೆ ಜೋರಾಗಿ ಇಳಿಸಿದರೆ, ನಿಮ್ಮದು ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಥ್ರಾಟಲ್ ಕೊಟ್ಟರೂ ಏಳಲ್ಲ. ಪಕ್ಕಕ್ಕೆ ಸರಿಸಿ.