ಒಳ ರೂಮು, ಕಿಟಕಿ ರೂಮು, ಬಾಲ್ಕನಿ: ಒಂದೇ ಹಡಗಿನಲ್ಲಿ ಮೂರನ್ನೂ ನೋಡಿ ಬಂದೆವು

ನಮ್ಮದು ಬಂಗಾರಪೇಟೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನೀರು ಅಂದರೆ ನಮಗೆ ಕೆರೆ. ಅಂಥ ಕಡೆಯಿಂದ ಎಂಟು ಜನ ಏಪ್ರಿಲ್ ಕೊನೆಯ ವಾರ ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಸಿಂಗಪುರಕ್ಕೆ ಹೋದೆವು. ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಆಮೇಲೆ ಒಂದು ದಿನ ಪೂರ್ತಿ ಸಮುದ್ರ, ಮತ್ತೆ ಸಿಂಗಪುರ. ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ, ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು.

ಟಿಕೆಟ್ ಮಾಡಿಸುವಾಗ ಯಾವ ರೂಮು ತಗೊಳ್ಳಬೇಕು ಅಂತ ಮನೆಯಲ್ಲಿ ಒಂದು ವಾರ ಚರ್ಚೆ ಆಯಿತು. ಬಾಲ್ಕನಿ ಇಲ್ಲದಿದ್ದರೆ ಹೋಗುವುದೇ ದಂಡ ಅಂತ ತಮ್ಮ. ಮಲಗೋಕೆ ತಾನೇ, ಯಾವುದಾದರೇನು ಅಂತ ನಾನು. ಕೊನೆಗೆ ಮೂರು ರೂಮನ್ನೂ ಮೂರು ಬಗೆಯಲ್ಲಿ ತಗೊಂಡೆವು. ಇಬ್ಬರಿಗೆ ನಾಲ್ಕು ರಾತ್ರಿಗೆ ಕಿಟಕಿ ಇಲ್ಲದ ಒಳ ರೂಮಿಗೆ 78 ಸಾವಿರ, ಕಿಟಕಿ ರೂಮಿಗೆ 88 ಸಾವಿರ, ಬಾಲ್ಕನಿ ರೂಮಿಗೆ 1 ಲಕ್ಷ 14 ಸಾವಿರ ಹೇಳಿದ್ದರು. ಒಳ ರೂಮನ್ನು ನಾವು ನಾಲ್ವರು ಹಂಚಿಕೊಂಡೆವು. ಮೂರನೆಯ, ನಾಲ್ಕನೆಯವರಿಗೆ ದರ ಕಡಿಮೆ. ಇದಕ್ಕಿಂತ ದೊಡ್ಡ ಸೂಟ್‌ಗಳೂ ಇದ್ದವು. ಅವುಗಳಲ್ಲಿ ನಾವು ಇರಲಿಲ್ಲ, ಹಾಗಾಗಿ ಅವುಗಳ ಮಾತು ಬೇಡ.

ಮೊದಲು ನಮ್ಮ ಒಳ ರೂಮು. ಬಾಗಿಲು ಹಾಕಿ ದೀಪ ಆರಿಸಿದರೆ ಕಣ್ಣೆದುರು ಕೈ ಹಿಡಿದರೂ ಕಾಣುವುದಿಲ್ಲ. ಮಕ್ಕಳ ಹಾಸಿಗೆ ರಾತ್ರಿ ಗೋಡೆಯಿಂದಲೂ ಮೇಲಿನಿಂದಲೂ ಇಳಿಯುತ್ತದೆ. ಬೆಳಿಗ್ಗೆ ರೂಮು ನೋಡಿಕೊಳ್ಳುವ ಹುಡುಗ ಬಂದು ಮತ್ತೆ ಮಡಚಿಟ್ಟು ಹೋಗುತ್ತಾನೆ. ನಾಲ್ಕು ಜನ ಒಟ್ಟಿಗೆ ಎದ್ದು ನಿಂತರೆ ಓಡಾಡಲು ಜಾಗ ಇಲ್ಲ. ಆದರೆ ನಿದ್ದೆ ಮಾತ್ರ ಅದ್ಭುತ. ಮಕ್ಕಳು ಒಂಬತ್ತಾದರೂ ಏಳಲಿಲ್ಲ. ಬೆಳಗಾಗಿದ್ದು ಗೊತ್ತಾಗಲಿ ಅಂತ ನಾನು ಒಂದು ಉಪಾಯ ಮಾಡಿದೆ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಒಂದು ಚಾನೆಲ್ ಇರುತ್ತದೆ. ಶಬ್ದ ನಿಲ್ಲಿಸಿ ಅದನ್ನೇ ಹಾಕಿಟ್ಟು ಮಲಗಿದೆ. ರಾತ್ರಿಯೆಲ್ಲ ಕಪ್ಪು ಪರದೆ, ಬೆಳಗಿನ ಜಾವ ನಿಧಾನಕ್ಕೆ ತಿಳಿ ನೀಲಿ. ಕಿಟಕಿಯ ಕೆಲಸ ಅರ್ಧ ಆಯಿತು. ಇನ್ನೊಂದು ವಿಷಯ, ರೂಮಿನ ಗೋಡೆ ಉಕ್ಕಿನದು. ಆಯಸ್ಕಾಂತದ ಕೊಕ್ಕೆ ನಾಲ್ಕು ತಗೊಂಡು ಹೋಗಿದ್ದರಿಂದ ಟೋಪಿ, ಬ್ಯಾಗು, ಒದ್ದೆ ಟವೆಲ್ಲು ಎಲ್ಲ ಗೋಡೆಗೇ ಹಾಕಿದೆವು.

ನಾವು ತಪ್ಪಿದ್ದು ರೂಮಿನ ಬಗೆಯಲ್ಲಿ ಅಲ್ಲ, ಜಾಗದಲ್ಲಿ. ಇನ್ನೂ ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ನಂಬರ್ ನಾವೇ ಆರಿಸದೆ ಕಂಪನಿ ಕೊಟ್ಟಿದ್ದನ್ನು ಒಪ್ಪಿಕೊಂಡಿದ್ದೆವು. ಸಿಕ್ಕಿದ್ದು ಹಡಗಿನ ತೀರಾ ಮುಂದಿನ ತುದಿ. ಪೆನಾಂಗ್‌ನಲ್ಲಿ ದಡಕ್ಕೆ ಹತ್ತುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರ ಶುರುವಾಗಿ ಮಂಚವೇ ಗಡಗಡ ಅಂದಿತು. ಫುಕೆಟ್‌ನಲ್ಲಿ ಬೆಳಿಗ್ಗೆ ಲಂಗರು ಬಿಟ್ಟರು. ಅಷ್ಟು ದಪ್ಪದ ಸರಪಳಿ ಇಳಿಯುವ ಸದ್ದಿಗೆ ಮಗ ಎದ್ದು ಕೂತು ನನ್ನ ಕೈ ಹಿಡಿದುಕೊಂಡ. ತೂಗಾಟವೂ ತುದಿಗಳಲ್ಲೇ ಜಾಸ್ತಿ. ಹಡಗು ಮಧ್ಯದಲ್ಲಿ ಕಡಿಮೆ ಅಲ್ಲಾಡುತ್ತದೆ, ಅದರಲ್ಲೂ ಕೆಳಗಿನ ಡೆಕ್‌ಗಳಲ್ಲಿ, ಅಂದರೆ ಮಹಡಿಗಳಲ್ಲಿ. ನಾವು ಹೋದ ಮಲಕ್ಕಾ ಜಲಸಂಧಿಗೆ ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ ಇರುವುದರಿಂದ ಅಲೆ ದೊಡ್ಡದಿರಲಿಲ್ಲ, ನಮಗೆ ವಾಂತಿ ಆಗಲಿಲ್ಲ. ತೆರೆದ ಸಮುದ್ರದಲ್ಲಿ ಆ ರೂಮಾಗಿದ್ದರೆ ಕಷ್ಟವಿತ್ತು. ಎರಡು ಮೂರು ಸಾವಿರ ಜಾಸ್ತಿ ಕೊಟ್ಟು ಮಧ್ಯದ ನಂಬರನ್ನು ನಾವೇ ಆರಿಸಬೇಕಿತ್ತು. ಮೇಲೂ ಕೆಳಗೂ ಬೇರೆ ರೂಮುಗಳೇ ಇರುವ ಡೆಕ್ ನೋಡಿಕೊಳ್ಳಿ. ಡ್ಯಾನ್ಸ್ ಹಾಲ್ ಅಥವಾ ಈಜುಕೊಳದ ಕೆಳಗಿನ ರೂಮು ಬೇಡವೇ ಬೇಡ, ಕುರ್ಚಿ ಎಳೆಯುವ ಸದ್ದು ನೇರ ತಲೆಯ ಮೇಲೆ.

ಕಿಟಕಿ ರೂಮನ್ನು ಅಪ್ಪ ಅಮ್ಮನಿಗೆ ಅಂತ ತಗೊಂಡಿದ್ದೆವು. ಬಾಗಿಲು ತೆಗೆದು ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಲೈಫ್‌ಬೋಟ್. ಮುಕ್ಕಾಲು ಕಿಟಕಿ ಅದೇ. ಮೇಲೆ ಒಂದು ಪಟ್ಟಿ ಆಕಾಶ, ಕೆಳಗೆ ಒಂದು ಚೂರು ನೀರು. "ಕೆರೆ ನೋಡೋಕೆ ಬಂದು ಕಟ್ಟೆ ಹಿಂದೆ ಕೂತಂಗಾಯ್ತಲ್ಲಮ್ಮ" ಅಂದರು ಅಪ್ಪ. ನನಗೆ ನಿಜಕ್ಕೂ ಬೇಜಾರಾಯಿತು, ಅವರಿಗಾಗಿಯೇ ತಗೊಂಡ ರೂಮದು. ಬುಕ್ಕಿಂಗ್ ಕಾಗದವನ್ನು ಮತ್ತೆ ತೆಗೆದು ನೋಡಿದೆ. ನೋಟಕ್ಕೆ ಅಡ್ಡಿ ಇದೆ ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇದ್ದರು. ಟಿಕೆಟ್ ಮಾಡಿಸಿದವರು ಬಾಯಲ್ಲಿ ಹೇಳಲಿಲ್ಲ, ನಾವು ಕೇಳಲಿಲ್ಲ. ಈ ಕಿಟಕಿ ತೆರೆಯಲೂ ಬರುವುದಿಲ್ಲ, ಗಾಜು ಬಿಗಿದಿರುತ್ತದೆ. ಬೆಳಕು ಬರುತ್ತದೆ, ಹಗಲೋ ರಾತ್ರಿಯೋ ತಿಳಿಯುತ್ತದೆ, ಅಷ್ಟೇ. ಅಡ್ಡ ಏನೂ ಇಲ್ಲದ ಕಿಟಕಿಯಾದರೆ ಹತ್ತು ಸಾವಿರ ಕೊಡಬಹುದು. ಬೋಟಿನ ಹಿಂದಿನ ಕಿಟಕಿಗೆ ಒಳ ರೂಮಿನ ದರಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡಬಾರದು.

ಎರಡನೆಯ ರಾತ್ರಿಗೆ ಬಾಲ್ಕನಿ ರೂಮಿನಲ್ಲಿದ್ದ ತಮ್ಮನೇ ಮುಂದೆ ಬಂದ. "ಅಕ್ಕಾ, ಅಮ್ಮ ನಮ್ ರೂಮಲ್ಲಿರಲಿ, ನಾವೆಲ್ಲಿ ರೂಮಲ್ಲಿ ಕೂರ್ತೀವಿ" ಅಂದ. ರಿಸೆಪ್ಷನ್‌ನಲ್ಲಿ ಹೇಳಿ ಕಾರ್ಡ್ ಬದಲಿಸಿಕೊಂಡೆವು. ಸುಮ್ನೆ ಬಾಯಿಮಾತಿನಲ್ಲಿ ಬದಲಿಸಿಕೊಳ್ಳಬೇಡಿ. ಅಪಾಯದ ಹೊತ್ತಿನಲ್ಲಿ ಯಾರು ಎಲ್ಲಿ ಸೇರಬೇಕು ಅನ್ನುವುದು ರೂಮಿನ ನಂಬರಿಗೆ ತಳಕು ಹಾಕಿಕೊಂಡಿರುತ್ತದೆ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಹಾಗೆ ಸೇರುವ ಅಭ್ಯಾಸ ಮಾಡಿಸಲೇಬೇಕು. ಅದಕ್ಕೆ ಹಡಗಿನ ಸೈರನ್ ಏಳು ಸಣ್ಣ ಕೂಗು, ಒಂದು ಉದ್ದನೆಯ ಕೂಗು. ಜನ ಫೋನ್ ನೋಡುತ್ತಾ ನಿಂತಿದ್ದರು. ಅಪ್ಪ ಮಾತ್ರ ಬೆರಳು ಮಡಚಿ ಎಣಿಸುತ್ತಿದ್ದರು. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚುವವರೆಗೂ ಸೈರನ್ ಕೂಗಿನ ಮೇಲೆಯೇ ಅವರ ದಿನ ನಡೆಯುತ್ತಿತ್ತು.

ಬಾಲ್ಕನಿ ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಮ್ಮನಿಗೆ ಮಂಡಿ ನೋವು. ಹದಿನೈದು ಡೆಕ್‌ನ ಹಡಗಿನಲ್ಲಿ ಲಿಫ್ಟ್ ಇದ್ದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದುದ್ದ ನಡೆಯಬೇಕು. ನಾವೆಲ್ಲ ಮೇಲೆ ನೀರಲ್ಲಿ, ಆಟದಲ್ಲಿ ಇದ್ದಾಗ ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಹೋಗುವ ಬರುವ ಸರಕು ಹಡಗುಗಳನ್ನು ನೋಡುತ್ತಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚು ಹಡಗು ಓಡಾಡುವ ದಾರಿಗಳಲ್ಲಿ ಮಲಕ್ಕಾ ಜಲಸಂಧಿಯೂ ಒಂದು. ರಾತ್ರಿ ನೋಡಿದರೆ ದೂರದ ಊರಿನ ಬೀದಿ ದೀಪದ ಹಾಗೆ ಸಾಲು ಸಾಲು ಬೆಳಕು.

ಕೊನೆಯ ರಾತ್ರಿ ನಾನೂ ಅಮ್ಮನ ಜೊತೆ ಅಲ್ಲೇ ಮಲಗಿದೆ. ನಾಲ್ಕೂವರೆ ಹೊತ್ತಿಗೆ ಸುಮಾತ್ರಾ ಕಡೆಯಿಂದ ಮಿಂಚು. ಆ ಜಲಸಂಧಿಯಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬೆಳಗಿನ ಜಾವ ಹೀಗೆ ಗಾಳಿ ಮಳೆ ಸಾಲಾಗಿ ನುಗ್ಗುತ್ತದೆ, ಅದನ್ನು ಸುಮಾತ್ರಾ ಅಂತಲೇ ಕರೆಯುತ್ತಾರೆ. ಬಾಗಿಲು ಹಾಕಿ ಗಾಜಿನ ಹಿಂದೆ ನಿಂತೆವು. ಮಳೆ ಬರುವುದನ್ನು ಬಯಲಿನಲ್ಲಿ ನೋಡಿ ಗೊತ್ತು, ನೀರಿನ ಮೇಲೆ ಮಳೆ ನಡೆದು ಬರುವುದನ್ನು ನಾವಿಬ್ಬರೂ ಮೊದಲ ಸಲ ನೋಡಿದ್ದು. ಅಮ್ಮ ಏನೂ ಮಾತಾಡಲಿಲ್ಲ, ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅದೊಂದಕ್ಕೆ ಬಾಲ್ಕನಿ ದುಡ್ಡು ತೀರಿತು ಅಂತ ನನಗೆ ಅನ್ನಿಸಿತು.

ಆದರೆ ಎಲ್ಲರಿಗೂ ಬೇಕು ಅಂತ ಹೇಳಲಾರೆ. ಬೆಳಿಗ್ಗೆ ಎಂಟರ ಮೇಲೆ ಸಂಜೆ ಐದರವರೆಗೆ ಅಲ್ಲಿ ಕೂರಲು ಆಗುವುದಿಲ್ಲ. ಸಿಂಗಪುರ ಭೂಮಧ್ಯ ರೇಖೆಗೆ ಅಂಟಿಕೊಂಡಿದೆ, ಆ ಸೆಕೆ ನಮ್ಮ ಕಡೆಯ ಒಣ ಬಿಸಿಲಲ್ಲ, ಮೈಯೆಲ್ಲ ಅಂಟು. ಬಾಗಿಲು ತೆಗೆದಿಟ್ಟರೆ ಎಸಿ ನಿಲ್ಲುತ್ತದೆ, ರೂಮಿನ ನೆಲ ಕನ್ನಡಿ ಎಲ್ಲ ಬೆವರುತ್ತದೆ. ತಮ್ಮ ಮತ್ತು ಅವನ ಹೆಂಡತಿ ಮೊದಲ ದಿನ ಬಾಲ್ಕನಿಯಲ್ಲಿ ಕೂತಿದ್ದು ಲೆಕ್ಕ ಹಾಕಿದರೆ ಅರ್ಧ ಗಂಟೆ. ಹಗಲೆಲ್ಲ ಹೊರಗೆ ತಿರುಗುವವರಿಗೆ ಅದು ನಷ್ಟವೇ.

ಯಾವ ಪಕ್ಕದ ಬಾಲ್ಕನಿ ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮದು ಬಲಗಡೆ. ಹೋಗುವಾಗ ಹಡಗು ವಾಯವ್ಯಕ್ಕೆ ಮುಖ ಮಾಡಿತ್ತು, ಬಾಲ್ಕನಿಯಿಂದ ಸೂರ್ಯೋದಯ ಕಂಡಿತು. ಬರುವಾಗ ತಿರುಗಿ ಆಗ್ನೇಯಕ್ಕೆ ಬಂದಿತು, ಅದೇ ಬಾಲ್ಕನಿಯಿಂದ ಸೂರ್ಯಾಸ್ತ. ಹೋದ ದಾರಿಯಲ್ಲೇ ವಾಪಸ್ ಬರುವ ಕ್ರೂಸ್‌ನಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇಲ್ಲ.

ಅಪ್ಪನ ವಿಷಯ ಬೇರೆಯೇ ಆಯಿತು. ಒಂದು ದಿನ ಮಧ್ಯಾಹ್ನ, ಮಕ್ಕಳು ಇಲ್ಲದಾಗ ನಮ್ಮ ಒಳ ರೂಮಿನಲ್ಲಿ ಒಂದು ಗಳಿಗೆ ಒರಗುತ್ತೇನೆ ಅಂತ ಬಂದವರು ಮೂರು ಗಂಟೆ ಮಲಗಿದರು. ಕತ್ತಲೆಗೆ ಉಸಿರು ಕಟ್ಟುವುದಿಲ್ವಾ ಅಂತ ಕೇಳಿದೆ. "ಎರಡು ಮೈಲಿ ಕೆಳಗೆ ಇಳಿದೋನಿಗೆ ಇದೇನು ಕತ್ತಲೆ? ಅಲ್ಲಿ ಬಂಡೆ ಮುಟ್ಟಿದರೆ ಸುಡ್ತಿತ್ತು, ಇಲ್ಲಿ ತಣ್ಣಗಿದೆ" ಅಂದರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಕೊನೆಯ ರಾತ್ರಿಯೂ ಅವರು ಮೊಮ್ಮಕ್ಕಳ ಜೊತೆ ಅಲ್ಲೇ ಮಲಗಿದರು. ವಯಸ್ಸಾದವರಿಗೆಲ್ಲ ಬಾಲ್ಕನಿಯೇ ಬೇಕು ಅಂದುಕೊಂಡಿದ್ದ ನನ್ನ ಲೆಕ್ಕ ಅಲ್ಲಿಗೆ ತಪ್ಪಾಯಿತು.

ಇನ್ನು ಟಿಕೆಟ್‌ನ ಮೇಲಿನ ಖರ್ಚುಗಳು. ಹಡಗು ಹತ್ತಿದ ಮೇಲೆ ಪ್ರತಿ ತಿರುವಿನಲ್ಲೂ ಒಂದೊಂದು ಪ್ಯಾಕೇಜ್ ಮಾರುತ್ತಾರೆ.

ಹೊರಗೆ ಸುತ್ತುವ ಟೂರ್‌ನಲ್ಲಿ ಎರಡು ಊರಿಗೆ ಎರಡು ಉತ್ತರ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್‌ನ ಸ್ವೆಟನ್‌ಹ್ಯಾಮ್ ಧಕ್ಕೆಗೇ ಬಂದು ನಿಲ್ಲುತ್ತದೆ. ಇಳಿದರೆ ಊರೇ. ಲಿಟಲ್ ಇಂಡಿಯಾ ಹತ್ತಿರದಲ್ಲೇ ಇದೆ. ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ್ ಗುಡಿ 1833ರದು. ಅಮ್ಮ ಅಲ್ಲಿ ತಮಿಳಿನಲ್ಲೇ ಮಾತಾಡಿ ಹೂವು ಕೊಂಡು ಕೊಟ್ಟರು, ಕೋಲಾರದವರಿಗೆ ಭಾಷೆಯ ತೊಂದರೆ ಎಲ್ಲಿ ಬರುತ್ತದೆ. ಟ್ಯಾಕ್ಸಿಯಲ್ಲಿ ಕೆಕ್ ಲೊಕ್ ಸಿ ದೇವಾಲಯಕ್ಕೂ ಹೋಗಿ ಬಂದೆವು. ಎಂಟು ಜನಕ್ಕೆ ಎರಡು ಟ್ಯಾಕ್ಸಿ. ಹಡಗಿನ ಟೂರ್‌ನಲ್ಲಿ ಇಬ್ಬರಿಗೆ ಕೇಳಿದ ದುಡ್ಡಿನಲ್ಲಿ ಅಷ್ಟೂ ಜನ ತಿರುಗಿದೆವು.

ಫುಕೆಟ್‌ನಲ್ಲಿ ಹಡಗು ಪಟಾಂಗ್‌ನ ಎದುರು ಸಮುದ್ರದಲ್ಲೇ ನಿಂತಿತು. ಸಣ್ಣ ಬೋಟಿನಲ್ಲಿ ದಡಕ್ಕೆ ಹೋಗಬೇಕು. ಬೋಟಿಗೆ ಸರದಿ, ದಡದಲ್ಲಿ ಟ್ಯಾಕ್ಸಿಯವರ ಜೊತೆ ಚೌಕಾಸಿ, ವಾಪಸ್ ಬರುವಾಗ ಮತ್ತೆ ಸರದಿ. ಇಲ್ಲಿ ಹಡಗಿನ ಟೂರ್ ತಗೊಂಡಿದ್ದು ಒಳ್ಳೆಯದಾಯಿತು. ಟೂರ್‌ನವರನ್ನು ಮೊದಲು ಇಳಿಸುತ್ತಾರೆ, ಬಸ್ ತಡವಾದರೆ ಹಡಗು ಅವರಿಗಾಗಿ ಕಾಯುತ್ತದೆ. ನಾವೇ ಸುತ್ತಲು ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ನಮ್ಮ ಬಸ್ ವಾಟ್ ಚಲಾಂಗ್ ಬೌದ್ಧ ದೇವಾಲಯದಿಂದ ಬರುವಾಗ ಟ್ರಾಫಿಕ್‌ನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡಿತು, ಎದೆ ಹೊಡೆದುಕೊಳ್ಳಲಿಲ್ಲ. ಮೇ ಮಧ್ಯದ ಮೇಲೆ ಅಲ್ಲಿ ಮುಂಗಾರು, ಅಲೆ ಜಾಸ್ತಿ. ಮಂಡಿ ನೋವಿನವರು ಆ ಬೋಟು ಹತ್ತಿ ಇಳಿಯುವುದನ್ನು ಯೋಚಿಸಿಕೊಂಡೇ ಹೋಗಬೇಕು. ಅಮ್ಮ ಆ ದಿನ ಇಳಿಯಲಿಲ್ಲ.

ಪಾನೀಯದ ಪ್ಯಾಕೇಜ್ ತಗೊಳ್ಳಬೇಡಿ. ನಮ್ಮ ಹಡಗಿನಲ್ಲಿ ಒಂದು ರೂಮಿನ ದೊಡ್ಡವರಲ್ಲಿ ಒಬ್ಬರು ತಗೊಂಡರೆ ಎಲ್ಲರೂ ತಗೊಳ್ಳಬೇಕಿತ್ತು. ತಮ್ಮ ಮಾತ್ರ ಕುಡಿಯುವವನು, ಅವನ ಹೆಂಡತಿಯ ದುಡ್ಡೂ ಹೋಗುತ್ತಿತ್ತು. ಬೇಕಾದಾಗ ಒಂದೊಂದೇ ಕೊಂಡ, ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ನೀರು, ಕಾಫಿ, ಟೀ ಊಟದ ಹಾಲ್‌ನಲ್ಲಿ ಬಿಟ್ಟಿ. ದುಡ್ಡು ಕೊಟ್ಟು ತಿನ್ನುವ ಹೋಟೆಲುಗಳಲ್ಲಿ ಒಂದಕ್ಕೆ ಹೋದೆವು. ಸಸ್ಯಾಹಾರಿಗಳಿಗೆ ಅಲ್ಲಿ ಸಿಕ್ಕಿದ್ದು ಎರಡೇ ಬಗೆ. ಬಿಟ್ಟಿ ಹಾಲ್‌ನಲ್ಲಿ ಅನ್ನ, ಸಾರು, ರೊಟ್ಟಿ, ಮೊಸರು ಎಲ್ಲ ಇತ್ತು, ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆಸಿದ್ದೆವು. ಸೀಲ್ ಮಾಡಿದ ಚಟ್ನಿಪುಡಿ ಪೊಟ್ಟಣವನ್ನು ಒಳಗೆ ಬಿಟ್ಟರು. ಮುದ್ದೆ ಇಲ್ಲದ ಐದು ದಿನ ಅಪ್ಪನಿಗೆ ಕಷ್ಟವಾಯಿತು, ಅದಕ್ಕೆ ಯಾವ ಪ್ಯಾಕೇಜೂ ಇಲ್ಲ.

ಇಂಟರ್ನೆಟ್ ಎಂಟು ಜನಕ್ಕೆ ಒಂದೇ ಫೋನಿಗೆ ಹಾಕಿಸಿದೆವು, ಸಾಕಾಯಿತು. ದಡದಲ್ಲಿ ಮೂರೂ ದೇಶಕ್ಕೆ ನಡೆಯುವ ಇ-ಸಿಮ್ ಇತ್ತು. ಹಡಗು ಹೊರಟ ಕೂಡಲೇ ಎಲ್ಲ ಫೋನನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ನಮ್ಮ ಯಜಮಾನರು ಮರೆತರು. ಹಡಗಿನ ಉಪಗ್ರಹ ನೆಟ್‌ವರ್ಕ್ ತಾನಾಗಿಯೇ ಹಿಡಿದುಕೊಂಡು, ಊರಿಂದ ಬಂದ ಎರಡು ಕರೆಗೆ ಎರಡು ಸಾವಿರದ ಮೇಲೆ ಬಿಲ್ ಬಂತು. ಟಿಪ್ಸ್ ನಾವು ಆರಿಸುವ ಖರ್ಚಲ್ಲ. ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ ಅದೇ ಸೇರುತ್ತದೆ, ಮಕ್ಕಳಿಗೂ ಹಾಕಿದ್ದರು. ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಫೋಟೊ, ಮಸಾಜ್, ಬೇಗ ಹತ್ತಿಸುವ ಪಾಸ್ ಯಾವುದೂ ಬೇಕಾಗಲಿಲ್ಲ. ವೀಲ್‌ಚೇರ್ ಸಹಾಯ ಬಿಟ್ಟಿ, ಮುಂಚೆಯೇ ಬರೆದು ಕೇಳಬೇಕು. ಸಿಂಗಪುರದ ಬಂದರಿನ ಸಾಲಿನಲ್ಲಿ ಅಮ್ಮನ ಜೊತೆ ಇಬ್ಬರನ್ನು ಪಕ್ಕದ ದಾರಿಯಲ್ಲಿ ಬಿಟ್ಟರು.

ಮುಂದಿನ ದಸರಾ ರಜೆಗೆ ಚಿಕ್ಕಮ್ಮನವರನ್ನೂ ಸೇರಿಸಿಕೊಂಡು ಇನ್ನೊಂದು ಸಲ ಹೋಗುವ ಮಾತು ನಡೆದಿದೆ. ಈ ಸಲ ಡೆಕ್ ನಕ್ಷೆ ಮುಂದಿಟ್ಟುಕೊಂಡು ನಂಬರ್ ನಾನೇ ಗುರುತು ಹಾಕಿದ್ದೇನೆ. ಹಡಗಿನ ಮಧ್ಯದಲ್ಲಿ ಒಂದೇ ಒಂದು ಬಾಲ್ಕನಿ, ಅದರ ಎದುರು ಓಣಿಯ ಆಚೆ ಎರಡು ಒಳ ರೂಮು. ಬಾಲ್ಕನಿ ಅಮ್ಮ ಮತ್ತು ಚಿಕ್ಕಮ್ಮನಿಗೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಎಲ್ಲರೂ ಅಲ್ಲಿ ಸೇರಬಹುದು. ಅಪ್ಪನಿಗೆ ಒಳ ರೂಮು, ಅವರೇ ಕೇಳಿದ್ದಾರೆ.