ಟೆನಿಸ್ ಸ್ಕಾಲರ್‌ಶಿಪ್ ಗ್ಯಾರಂಟಿ ಅಂದವರಿಗೆ ನಾವು ಕೊಟ್ಟ ಮೂರೂವರೆ ಲಕ್ಷ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಟೆನಿಸ್ ಆಡುವ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಮೆರಿಕದ ಕಾಲೇಜಿನಲ್ಲಿ ನೂರಕ್ಕೆ ನೂರು ಸ್ಕಾಲರ್‌ಶಿಪ್ ಕೊಡಿಸ್ತೀವಿ ಅಂದ ಒಬ್ಬರಿಗೆ ನಾವು ಎರಡು ವರ್ಷದಲ್ಲಿ, ಮೂರು ಕಂತಿನಲ್ಲಿ 3.5 ಲಕ್ಷ ಕೊಟ್ಟೆವು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ನನ್ನ ಮಗಳ ಆ ಎರಡು ವರ್ಷ ಹೋಯಿತಲ್ಲ ಅಂತ.

ನಮ್ಮ ಮನೆಯವರದ್ದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಲೆಕ್ಕ ನಾನು ನೋಡ್ತೀನಿ. ಮಗಳು ಎಂಟು ವರ್ಷಕ್ಕೆ ರಾಕೆಟ್ ಹಿಡಿದಳು. ನಮ್ಮೂರಿನ ಬಿಸಿಲು ನಿಮಗೆ ಗೊತ್ತು, ಏಪ್ರಿಲ್ ಮೇ ತಿಂಗಳಲ್ಲಿ ಐದೂವರೆಗೆ ಕೋರ್ಟಿಗೆ ಹೋದರೆ ಎಂಟಕ್ಕೆಲ್ಲ ಮುಗಿಸಲೇಬೇಕು. ಟೂರ್ನಿ ಅಂದರೆ ಬೆಂಗಳೂರೋ ಧಾರವಾಡವೋ. ಬೆಂಗಳೂರಿಗಾದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು, ಬೆಳಿಗ್ಗೆ ಇಳಿದು ಅಲ್ಲೇ ಮುಖ ತೊಳೆದುಕೊಂಡು ಮ್ಯಾಚ್ ಆಡಬೇಕು, ಸೋತರೂ ಗೆದ್ದರೂ ಸೋಮವಾರ ಸ್ಕೂಲಿಗೆ ಹಾಜರಾಗಬೇಕು. ಇಷ್ಟೆಲ್ಲ ಮಾಡುವ ಮನೆಗೆ "ಮಗಳ ಓದು ಪೂರ್ತಿ ಫ್ರೀ" ಅಂತ ಯಾರಾದರೂ ಹೇಳಿದರೆ ಆಸೆ ಆಗೇ ಆಗುತ್ತೆ, ಅಲ್ವಾ?

2023ರ ಆಗಸ್ಟ್‌ನಲ್ಲಿ ಇಂಥದ್ದೇ ಒಂದು ಟೂರ್ನಿಯಲ್ಲಿ ಆ ಮನುಷ್ಯ ಸಿಕ್ಕರು. ಮಗಳು ಆಗ 9ನೇ ಕ್ಲಾಸ್. ಕೋರ್ಟಿನ ಪಕ್ಕ ನನ್ನ ಹತ್ತಿರ ಕೂತು ಲ್ಯಾಪ್‌ಟಾಪ್ ತೆಗೆದರು. ನಮ್ಮ ದೇಶದ ಟೆನಿಸ್ ಆಟಗಾರರಾದ ಮಹೇಶ್ ಭೂಪತಿ ಮಿಸಿಸಿಪಿ ಯೂನಿವರ್ಸಿಟಿಗೆ ಆಡಿದ್ದು, ಸೋಮದೇವ್ ದೇವವರ್ಮನ್ ವರ್ಜೀನಿಯಾದಲ್ಲಿ ಓದುತ್ತಾ 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆಗಿದ್ದು, ಎಲ್ಲ ಹೇಳಿದರು. ಅದೆಲ್ಲ ನಿಜ. ಹೆಣ್ಣುಮಕ್ಕಳ ಟೀಮಿಗೆ ಎಂಟು ಪೂರ್ತಿ ಸ್ಕಾಲರ್‌ಶಿಪ್ ಇರುತ್ತೆ ಅಂದರು. ಡಿವಿಷನ್ 1ರಲ್ಲಿ, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ಎಲ್ಲಕ್ಕಿಂತ ಮೇಲಿನ ಹಂತದಲ್ಲಿ, ಆಗ ಇದ್ದ ಮಿತಿ ಅದೇ, ಗಂಡುಮಕ್ಕಳಿಗೆ ನಾಲ್ಕೂವರೆ. ಆದರೆ ಎಂಟು ಅನ್ನುವುದು ಒಂದು ಕಾಲೇಜು ಹೆಚ್ಚೆಂದರೆ ಕೊಡಬಹುದಾದ ಸಂಖ್ಯೆ, ಕೊಟ್ಟೇ ಕೊಡುತ್ತೆ ಅಂತಲ್ಲ. ಪ್ರಪಂಚದ ಎಲ್ಲ ಕಡೆಯ ಮಕ್ಕಳೂ ಅದೇ ಜಾಗಕ್ಕೆ ಬರ್ತಾರೆ. 2025-26ರಿಂದ ಆ ಲೆಕ್ಕವೇ ಬದಲಾಗಿ ಬಹಳಷ್ಟು ದೊಡ್ಡ ಕಾಲೇಜುಗಳಲ್ಲಿ ಟೀಮಿಗೆ ಹತ್ತು ಜನರ ಮಿತಿ ಬಂದಿದೆ. ಈ ಮನುಷ್ಯ ಕೊನೆಯವರೆಗೂ ಹಳೇ ಚಾರ್ಟನ್ನೇ ತೋರಿಸುತ್ತಿದ್ದರು.

ಮೊದಲ ಕಂತು 1 ಲಕ್ಷ. ಮಗಳ ಹೆಸರಿನಲ್ಲಿ ಹೊಸ ಮೇಲ್ ಐಡಿ ಮಾಡಿದರು, ಪಾಸ್‌ವರ್ಡ್ ಅವರ ಹತ್ತಿರವೇ ಇಟ್ಟುಕೊಂಡರು. "ಪ್ರೊಫೆಷನಲ್ ಆಗಿ ಬರೀಬೇಕು ಮೇಡಂ, ಮಕ್ಕಳಿಗೆ ಗೊತ್ತಾಗಲ್ಲ" ಅಂದರು. ನಾವು ಮಾಡಿದ ದೊಡ್ಡ ತಪ್ಪು ಇದೇ. ಆರು ತಿಂಗಳಾದ ಮೇಲೆ ಬಂದು, ಯಾವ ಕೋಚೂ ಉತ್ತರ ಕೊಡ್ತಿಲ್ಲ, ಪ್ರೀಮಿಯಂ ಪ್ಯಾಕೇಜ್ ತಗೊಳ್ಳಿ ಅಂದರು. 1.5 ಲಕ್ಷ ಕೊಟ್ಟೆವು. ಆಮೇಲೆ ತಿಳಿದದ್ದು ಹೇಳ್ತೀನಿ ಕೇಳಿ. ಮಗು 10ನೇ ಕ್ಲಾಸ್ ಮುಗಿಸಿದ ವರ್ಷದ ಜೂನ್ 15ರ ತನಕ ಡಿವಿಷನ್ 1 ಟೆನಿಸ್ ಕೋಚ್‌ಗಳು ಅದರ ಜೊತೆ ಸೇರಿಸಿಕೊಳ್ಳುವ ಮಾತು ಆಡುವ ಹಾಗೇ ಇಲ್ಲ, ಅದು ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ನಿಯಮ. ಅವರು ಮೇಲ್ ಕಳಿಸಿದ್ದು ಮಗಳು 9ನೇ ಕ್ಲಾಸಿನಲ್ಲಿದ್ದಾಗ. ಉತ್ತರ ಬರದೇ ಇರೋದೇ ಸರಿ. ಅದನ್ನೇ ತೋರಿಸಿ ನಮ್ಮ ಹತ್ತಿರ ದುಡ್ಡು ತಗೊಂಡರು.

10ನೇ ಕ್ಲಾಸಿನಲ್ಲಿದ್ದಾಗ "ಆಫರ್ ಬಂದಿದೆ" ಅಂತ ಎರಡು ಮೇಲ್ ಪ್ರಿಂಟ್ ಮಾಡಿಸಿ ತಂದರು. ಮನೆಯಲ್ಲಿ ಸಿಹಿ ಮಾಡಿದೆವು. ಕೊನೇ 1 ಲಕ್ಷ ಅವತ್ತೇ ಕೊಟ್ಟಿದ್ದು. ಅದು ಆಫರ್ ಅಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಆಟಗಾರರು ತಮ್ಮ ವಿವರ ತುಂಬುವ ಫಾರ್ಮ್ ಇರುತ್ತೆ, ಯಾರು ಬೇಕಾದರೂ ತುಂಬಬಹುದು, ತುಂಬಿದ ತಕ್ಷಣ ತಾನಾಗೇ ಒಂದು ಥ್ಯಾಂಕ್ಸ್ ಮೇಲ್ ಬರುತ್ತೆ. ಅದು ಅದೇ ಮೇಲ್. ಅದರಲ್ಲೂ ಒಂದು ಡಿವಿಷನ್ 3 ಕಾಲೇಜು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಇಲ್ಲ. ಡಿವಿಷನ್ 3ರಲ್ಲಿ ಸಹಾಯ ಸಿಗೋದು ಓದು ಅಥವಾ ಮನೆಯ ಆದಾಯ ನೋಡಿ, ಐವಿ ಲೀಗ್‌ನಲ್ಲಿ ಮನೆಯ ಆದಾಯ ನೋಡಿ ಮಾತ್ರ.

ಆಟಕ್ಕೆ ಮಾಡಿದ ಹಾನಿ ಬೇರೆ. ಕಾಲೇಜು ಕೋಚ್‌ಗಳು ಮೊದಲು ನೋಡುವುದು ಯುಟಿಆರ್ ಅನ್ನುವ ರೇಟಿಂಗ್. 1ರಿಂದ 16.5ರ ತನಕ ಇರುತ್ತೆ. ಕಳೆದ ಹನ್ನೆರಡು ತಿಂಗಳ ಮ್ಯಾಚ್‌ಗಳಲ್ಲಿ ಎದುರಾಳಿ ಎಷ್ಟು ಗಟ್ಟಿ, ಎಷ್ಟು ಗೇಮ್ ಗೆದ್ದೆ ಅನ್ನೋದರ ಮೇಲೆ ಅದು ನಿಲ್ಲುತ್ತೆ. ಗಟ್ಟಿ ಹುಡುಗಿಯ ಹತ್ತಿರ 6-4, 6-4 ಸೋತರೂ ನಂಬರ್ ಮೇಲೆ ಹೋಗಬಹುದು. ಈ ಮನುಷ್ಯ ಹೇಳಿದ್ದು ಉಲ್ಟಾ. ಸೋತರೆ ರೇಟಿಂಗ್ ಬೀಳುತ್ತೆ, ಟೂರ್ನಿ ಬಿಡಿಸಿ ಅಂತ. ನಾವು ಅಖಿಲ ಭಾರತ ಟೆನಿಸ್ ಸಂಸ್ಥೆಯ (ಎಐಟಿಎ) ಟೂರ್ನಿಗಳಿಂದ ಹೆಸರು ವಾಪಸ್ ತಗೊಂಡೆವು. ಆಡಬೇಕಾದ ವಯಸ್ಸಿನಲ್ಲಿ ಒಂದು ವರ್ಷಕ್ಕೆ ಬರೀ ಆರು ಮ್ಯಾಚ್ ಆಡಿದಳು. "ಅಮ್ಮಾ, ನಾನು ಆಡ್ತೀನಿ, ಸೋತರೆ ಸೋಲ್ತೀನಿ" ಅಂತ ಎಷ್ಟು ಸಲ ಕೇಳಿದಳು. ನಾನೇ ಬೇಡ ಅಂದೆ.

2025ರ ಅಕ್ಟೋಬರ್‌ನಲ್ಲಿ ನಮ್ಮ ಮನೆಯವರು ಜಗಳ ಮಾಡಿ ಪಾಸ್‌ವರ್ಡ್ ಇಸ್ಕೊಂಡರು. ಮಗಳು ಅಡುಗೆಮನೆ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಫೋನಿನಲ್ಲಿ ತೆರೆದಳು. ನೂರಾರು ಕಾಲೇಜಿಗೆ ಒಂದೇ ಮೇಲ್. "ನಿಮ್ಮ ಕಾಲೇಜಿನಲ್ಲಿ ಓದುವುದು ನನ್ನ ಚಿಕ್ಕಂದಿನ ಕನಸು" ಅಂತ ಎಲ್ಲರಿಗೂ. ಕೆಲವದರಲ್ಲಿ ಇನ್ನೊಂದು ಕಾಲೇಜಿನ ಹೆಸರು ಹಾಗೇ ಉಳಿದಿತ್ತು. ನನ್ನ ಮಗಳ ಎತ್ತರ ಐದಡಿ ಮೂರಿಂಚು, ಅದರಲ್ಲಿ ಐದಡಿ ಎಂಟಿಂಚು. ಅವಳು ಆಡದೇ ಇದ್ದ ಒಂದು ಫೈನಲ್ ಗೆದ್ದಳು ಅಂತ ಬರೆದಿದ್ದರು. ಸುಮ್ನೆ ಕೆಳಗೆ ಕೆಳಗೆ ಸರಿಸ್ತಾ ಹೋದಳು. ಆಮೇಲೆ ಬೆರಳು ನಿಂತಿತು.

ಒಬ್ಬ ಕೋಚ್ ಉತ್ತರ ಬರೆದಿದ್ದರು. ಜೂನ್ 18ರಂದು. 9 ಮತ್ತು 10ನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೇಳಿದ್ದರು. ಎಡಿಟ್ ಮಾಡದ ಒಂದು ಪೂರ್ತಿ ಮ್ಯಾಚ್ ವಿಡಿಯೋ ಕಳಿಸು, ಪಾಯಿಂಟ್ ಸೋತ ಮೇಲೆ ನೀನು ಹೇಗಿರ್ತೀಯ ನೋಡಬೇಕು ಅಂದಿದ್ದರು. ಈ ವರ್ಷ ಯಾಕೆ ಇಷ್ಟು ಕಡಿಮೆ ಮ್ಯಾಚ್ ಆಡಿದ್ದೀಯ, ಗಾಯ ಆಗಿತ್ತಾ ಅಂತಲೂ ಕೇಳಿದ್ದರು. ನಾಲ್ಕು ತಿಂಗಳಿಂದ ಆ ಮೇಲ್ ಯಾರೂ ತೆರೆದಿರಲಿಲ್ಲ. ಮಗಳು ಎರಡು ಸಲ ಓದಿದಳು. "ಅಮ್ಮಾ, ಇವರು ನನಗೇ ಬರೆದಿದ್ದಲ್ವಾ?" ಅಂದಳು. ಆ ಮಾತಿಗೆ ನನಗೆ ಏನೂ ಹೇಳೋಕೆ ಆಗಲಿಲ್ಲ.

ಅವತ್ತು ರಾತ್ರಿ ಅವಳೇ ಉತ್ತರ ಬರೆದಳು. ನಿಜವಾದ ಎತ್ತರ, ನಿಜವಾದ ಫಲಿತಾಂಶ, ಹಿಂದಿನ ಮೇಲ್ ತಾನು ಬರೆದದ್ದಲ್ಲ ಅನ್ನೋದು, ಎಲ್ಲ. ಎರಡೇ ದಿನದಲ್ಲಿ ಉತ್ತರ ಬಂತು. ಸತ್ಯ ಹೇಳಿದ್ದಕ್ಕೆ ಥ್ಯಾಂಕ್ಸ್, ಆದರೆ ನಿನ್ನ ಬ್ಯಾಚಿಗೆ ಬೇರೆ ಹುಡುಗಿಯರ ಜೊತೆ ಮಾತು ಮುಂದೆ ಹೋಗಿದೆ ಅಂತ.

ಕರಾರು ಪತ್ರದ ವಿಷಯ ಹೇಳಲೇಬೇಕು. ಸ್ಕಾಲರ್‌ಶಿಪ್ ಬಂದ ಮೇಲೆ ಅದರ ಮೊತ್ತದ 10 ಪರ್ಸೆಂಟ್ ಅವರಿಗೆ ಕೊಡಬೇಕು ಅಂತ ಒಂದು ಸಾಲು ಇತ್ತು. ಕೆಲಸ ಆದರೆ ತಾನೇ ಕೊಡೋದು, ಇದು ನ್ಯಾಯ ಅಂತ ನಾವು ಸಹಿ ಹಾಕಿದೆವು. ಮಗುವಿನ ವಿವರ ಕಾಲೇಜುಗಳಿಗೆ ತಲುಪಿಸೋದಕ್ಕೆ ಫೀಸ್ ಕೊಡಬಹುದು, ಆದರೆ ಕ್ರೀಡಾ ಸ್ಕಾಲರ್‌ಶಿಪ್ ಕೊಡಿಸಿದರೆ ಇಷ್ಟು ಅನ್ನುವ ಫೀಸ್ ಇದ್ದರೆ ಎನ್‌ಸಿಎಎ ನಿಯಮದ ಪ್ರಕಾರ ಮಗುವಿನ ಅರ್ಹತೆಗೇ ಪೆಟ್ಟು. ಅಂದರೆ ಅಕಸ್ಮಾತ್ ಸ್ಕಾಲರ್‌ಶಿಪ್ ಬಂದಿದ್ದರೂ ಆ ಒಂದು ಸಾಲು ಅವಳನ್ನು ಕೋರ್ಟಿನಿಂದ ಹೊರಗೆ ಕೂರಿಸಬಹುದಿತ್ತು. ನಿಮ್ಮ ಹತ್ತಿರ ಇಂಥ ಕಾಗದ ಇದ್ದರೆ ಇವತ್ತೇ ತೆಗೆದು ನೋಡಿ.

ಓದು ಬಿಡಿಸಿ ಅಂದರೂ ಕೇಳಬೇಡಿ. ನಮಗೂ ರೆಗ್ಯುಲರ್ ಪಿಯುಸಿ ಬೇಡ, ಆಮೇಲೆ ಒಂದು ವರ್ಷ ಗ್ಯಾಪ್ ತಗೊಂಡು ಬರೀ ಆಡಲಿ ಅಂದಿದ್ದರು. ಅವಳ ಗಣಿತದ ಮೇಷ್ಟ್ರು ತಡೆದರು, ಅವರಿಗೆ ಎಷ್ಟು ಋಣಿ ಆದರೂ ಸಾಲದು. ಡಿವಿಷನ್ 1ಕ್ಕೆ 9ರಿಂದ 12ರ ತನಕ ನಾಲ್ಕು ವರ್ಷದಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಲ್ಲ ಸೇರಿ 16 ಮುಖ್ಯ ಕೋರ್ಸ್ ಮುಗಿಸಿರಬೇಕು. 9ನೇ ಕ್ಲಾಸಿನ ಮಾರ್ಕ್ಸೂ ಲೆಕ್ಕಕ್ಕೆ ಬರುತ್ತೆ. ಪಿಯುಸಿ ಆದ ಮೇಲೆ ಕಾಲೇಜು ಸೇರದೆ ಜಾಸ್ತಿ ದಿನ ಟೂರ್ನಿ ಆಡುತ್ತಾ ಕೂತರೆ ಕಾಲೇಜಿಗೆ ಆಡುವ ವರ್ಷಗಳೇ ಕಡಿಮೆ ಆಗಬಹುದು. ನಿಯಮ ಆಗಾಗ ಬದಲಾಗುತ್ತೆ, ಎನ್‌ಸಿಎಎ ಸೈಟಿನಲ್ಲೇ ನೋಡಿ, ಮಗುವಿನ ಪ್ರೊಫೈಲ್ ಪುಟ ಅಲ್ಲಿ ಫ್ರೀಯಾಗಿ ಮಾಡಬಹುದು. ಕೋಚ್‌ಗಳ ಮೇಲ್ ವಿಳಾಸ ಕಾಲೇಜಿನ ಸೈಟಿನಲ್ಲೇ ಇರುತ್ತೆ. ಅದಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ದುಡ್ಡು ವಾಪಸ್ ಬಂದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೀವಿ, ಅದಕ್ಕೇ ಇಲ್ಲಿ ಹೆಸರು ಹಾಕುತ್ತಿಲ್ಲ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಬ್ಯಾಂಕಿನಿಂದ ಕಳಿಸಿದ 2.5 ಲಕ್ಷಕ್ಕೆ ನಮ್ಮ ಹತ್ತಿರ ದಾಖಲೆ ಇದೆ. ಸಿಹಿ ತಿಂದ ದಿನ ಕೈಯಲ್ಲಿ ಕೊಟ್ಟ 1 ಲಕ್ಷಕ್ಕೆ ಇಲ್ಲ.

ಮಗಳು ಈಗ ಫಸ್ಟ್ ಪಿಯು. ಮತ್ತೆ ಟೂರ್ನಿ ಆಡ್ತಿದ್ದಾಳೆ, ಸೋಲ್ತಾಳೆ, ಗೆಲ್ತಾಳೆ. ವಾರಕ್ಕೆ ಎರಡು ಮೇಲ್ ಅವಳೇ ಬರೀತಾಳೆ. ನಿಮಗೆ ಯಾರಾದರೂ ಇಂಥ ಕರಾರು ಕೊಟ್ಟಿದ್ದರೆ ಸಹಿ ಹಾಕುವ ಮೊದಲು ನನಗೆ ಮೆಸೇಜ್ ಮಾಡಿ. ನಮ್ಮ ಕರಾರಿನ ಎರಡೂ ಪುಟದ ಫೋಟೋ ಕಳಿಸ್ತೀನಿ, ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿ ನೋಡಿ.