ಕಾರ್ಬನ್ ಫೈಬರ್ ಗಿಟಾರ್ ತಗೋಬೇಕಾ, ಮರದ್ದೇ ಸಾಕಾ?

ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲಿ ಮರದ ಗಿಟಾರಿನ ಪಾಡು ಗೊತ್ತಿರುತ್ತದೆ. ತೇವ ಕುಡಿದು ಮುಂದಿನ ಸ್ಪ್ರೂಸ್ ಮರದ ಹಲಗೆ ಉಬ್ಬುತ್ತದೆ, ತಂತಿ ಕಟ್ಟಿರುವ ಬ್ರಿಡ್ಜ್ ಜೊತೆ ತಂತಿಯೂ ಮೇಲೇಳುತ್ತದೆ, ಆಮೇಲೆ ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯುವಷ್ಟರಲ್ಲಿ ಬೆರಳು ಸೋತುಹೋಗುತ್ತದೆ. ಮರಕ್ಕೆ ಗಾಳಿಯಲ್ಲಿ ಶೇ. 45ರಿಂದ 55ರಷ್ಟು ತೇವಾಂಶ ಸಾಕು. ಕರಾವಳಿಯ ಜುಲೈನಲ್ಲಿ ಅದೆಲ್ಲಿ ಸಿಗಬೇಕು? ಇಂಗಾಲದ ಎಳೆಗಳಿಂದ ಮಾಡಿದ ಕಾರ್ಬನ್ ಫೈಬರ್‌ಗೆ ಈ ತಲೆನೋವಿಲ್ಲ. ತಂತಿಗೆ ತುಕ್ಕು, ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಸವೆತ ಮಾತ್ರ ಎರಡಕ್ಕೂ ಇದ್ದದ್ದೇ.

ನಾದದಲ್ಲಿ ನನ್ನ ಮನಸ್ಸು ಮರದ ಕಡೆಗೇ. ಕಾರ್ಬನ್ನಿನ ದನಿ ಸ್ಪಷ್ಟ, ಜಾಸ್ತಿ ಹೊತ್ತು ನಿಲ್ಲುತ್ತದೆ, ನಿಜ. ಆದರೆ ಮೆಲ್ಲಗೆ ಮೀಟಿದಾಗ ಬರುವ ಆ ತುಂಬು ದನಿ ನನಗೆ ಮರದಲ್ಲೇ ಸಿಗುವುದು. ರೇನ್‌ಸಾಂಗ್, ಎಮರಾಲ್ಡ್‌ನಂಥ ಕಂಪನಿಗಳ ಕಾರ್ಬನ್ ಗಿಟಾರ್‌ಗಳು ಲಕ್ಷ ರೂಪಾಯಿ ದಾಟುತ್ತವೆ, ಬಿರುಕು ಬಿಟ್ಟರೆ ರಿಪೇರಿ ಮಾಡುವವರೂ ಕಡಿಮೆ.

ಊರೂರು ಸುತ್ತಿ ನುಡಿಸುವವರು ಕಾರ್ಬನ್ ತಗೊಳ್ಳಿ. ಮನೆಯಲ್ಲೇ ನುಡಿಸುವುದಾದರೆ ಸುಮ್ನೆ ಅಷ್ಟು ದುಡ್ಡು ಯಾಕೆ, ಅಲ್ವಾ? ಒಳ್ಳೆ ಮರದ್ದು ತಂದು, ಕೇಸಿನೊಳಗೆ ತೇವ ಹೀರುವ ಪ್ಯಾಕೆಟ್ ಇಡಿ.